ಬರಿಗಾಲಲ್ಲಿ ದೌಂಡ್

ಬಾಟಲಿಗೆ ನೀರು ಹಿಡಿಯಲೆಂದು ಇಳಿದೆ, ಅಷ್ಟೇ.
ನಲ್ಲಿಯಲ್ಲಿ ನೀರು ಎಳೆಎಳೆಯಾಗಿ ಬರುತ್ತಿತ್ತು.
ಜನವರಿ, ರಾತ್ರಿ ಹನ್ನೊಂದೂವರೆ.
ಮುಕ್ಕಾಲು ತುಂಬುವ ಹೊತ್ತಿಗೆ
ಬೆನ್ನ ಹಿಂದೆ ಗಾಡಿ ಜಾರತೊಡಗಿತ್ತು
ಹಾಲು ಕದ್ದ ಬೆಕ್ಕಿನ ಹಾಗೆ.

ಓಡಿದೆ. ಕೊನೆಯ ಡಬ್ಬಿಯ ಕೆಂಪು ದೀಪ
ನನಗಿಂತ ಚೂರು ಜೋರಾಗಿ ಓಡಿತು.
ಆಮೇಲೆ ನೋಡಿಕೊಂಡೆ: ಕಾಲಲ್ಲಿ ಚಪ್ಪಲಿಯಿಲ್ಲ.
ಮೂವತ್ತೆರಡನೇ ಬರ್ತಿನ ಕೆಳಗೆ ಅವು,
ಪಕ್ಕದಲ್ಲಿ ನನ್ನ ಮಾದರಿ ಪೆಟ್ಟಿಗೆ,
ವೆಲ್ವೆಟ್ ಮೇಲೆ ಸಾಲಾಗಿ ಅರವತ್ತು ಚಶ್ಮಾ ಫ್ರೇಮು
ಕಣ್ಣಿಲ್ಲದೆ ಪುಣೆಯತ್ತ ನೋಡುತ್ತ.

ಗುಲ್ಬರ್ಗದಿಂದ ಹದಿನಾಲ್ಕು ವರ್ಷ ಇದೇ ದಾರಿ.
ದೌಂಡ್ ಎಂದರೆ ನಿದ್ದೆಯಲ್ಲಿ ಕೇಳುವ ಒಂದು ಕೂಗು,
ಚಾಯ್, ಚಾಯ್, ಮತ್ತೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.
ಇಲ್ಲೊಂದು ಊರಿದೆಯೆಂದು ಯಾರು ಎಣಿಸಿದ್ದರು?

ಮಾಸ್ತರರು ಫೋನು ತಿರುವಿ ತಿರುವಿ ಪುಣೆಗೆ ಹೇಳಿದರು,
ಕರಿ ಪೆಟ್ಟಿಗೆ ಒಂದು, ಚಪ್ಪಲಿ ಒಂದು ಜೊತೆ.
ರಿಜಿಸ್ಟರಿನಲ್ಲಿ ಬರೆಯುವಾಗ ಅವರ ಬಾಯಿಂದ ಹಬೆ.
"ಪ್ಯಾಸೆಂಜರ್ ಐದು ಇಪ್ಪತ್ತಕ್ಕೆ," ಎಂದವರು
ಗಡಿಯಾರದ ಕಡೆ ನೋಡಿ, "ಬಂದರೆ" ಎಂದರು.

ಪ್ಲಾಟ್‌ಫಾರ್ಮಿನ ಕಲ್ಲು ಪಾದ ಕಚ್ಚುತ್ತಿತ್ತು.
ಮಲಗಿದವರೆಲ್ಲ ಕಂಬಳಿಯ ಗಂಟುಗಳು,
ಯಾವುದು ತಲೆ, ಯಾವುದು ಕಾಲು.
ನಡೆದರೆ ಬೆಚ್ಚಗಾದೀತೆಂದು ಹೊರಗೆ ಬಂದೆ.
ರೈಲ್ವೆ ಕ್ವಾರ್ಟರ್ಸಿನ ಉದ್ದ ಬೀದಿ, ಬೇವಿನ ಮರ,
ಚಿಕ್ಕದೊಂದು ಇಗರ್ಜಿ; ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ
ಇಳಿಸಲು ಯಾರಿಗೂ ನೆನಪಾಗದೆ
ಹೊಟ್ಟೆಯಲ್ಲಿ ಬಲ್ಬು ಇಟ್ಟುಕೊಂಡು ಉರಿಯುತ್ತಿತ್ತು.
ಶೆಡ್ಡಿನ ಕಡೆ ಯಾರೋ ಕೆಮ್ಮಿದರು,
ಊರಿಗೆಲ್ಲ ಕೇಳಿಸಿತು.
ನಾಯಿಯೊಂದು ನನ್ನ ಕಾಲು ಮೂಸಿ
ಇವನೂ ನಮ್ಮವನೇ ಎಂಬಂತೆ ಸುಮ್ಮನೆ ಹೋಯಿತು.

ಜಲ್ಲಿ ಚುಚ್ಚಿತು. "ಥೂ ಇದರವ್ವನ," ಎಂದೆ ಜೋರಾಗಿ.
"ಯಾವೂರಪಾ ನಿಂದು?" ಅಂದಿತು ಕತ್ತಲೆ, ಕನ್ನಡದಲ್ಲಿ.

ಭೌರಾಬಾಯಿ. ತವರು ಮೈಂದರ್ಗಿ.
ಗ್ಯಾಂಗ್‌ಮನ್ನರಿಗೆ ಮೂರಕ್ಕೆ ಚಹಾ, ಐದಕ್ಕೆ ಬಿಸಿ ರೊಟ್ಟಿ.
ಸ್ಟವ್ವಿನ ಬೆಳಕಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು,
ಆಕಾಶ ನೋಡಿಕೊಂಡು.
"ಕಣ್ಣು ಕಾಣಂಗಿಲ್ಲ. ಬೆರಳು ಕಾಣ್ತಾವ."
ಗೋಣಿಚೀಲ ಮಡಚಿ ನನ್ನ ಕಾಲಡಿಗೆ ತಳ್ಳಿದಳು.

ಜೇಬಿನಲ್ಲಿ ನನ್ನದೇ ಚಶ್ಮಾ ಇತ್ತು, ಪ್ಲಸ್ ಎರಡು, ಓದುವುದು.
ಚಾಳಿ ಬಿಡಬೇಕಲ್ಲ. ಹಾಕಿ ನೋಡು ಎಂದೆ.
ಮೊದಲ ಸಲ ಹಾಕಿದವರು ನಗುತ್ತಾರೆ,
ಹದಿನಾಲ್ಕು ವರ್ಷ ಆ ನಗೆಯಿಂದಲೇ ಉಂಡವನು ನಾನು.
ಕಾದೆ.

ಅವಳು ಮೊರ ನೋಡಿದಳು. ಬಹಳ ಹೊತ್ತು.
"ಇಷ್ಟು ಹಳ್ಳು ಇದ್ದುವೇನ?" ಅಂದಳು.
"ಆ ಹುಡುಗರು ತಿಂತಾನೇ ಬಂದಾವಲ್ಲ,
ಒಬ್ಬನರೆ ಹಲ್ಲು ಮುರೀತು ಅನಲಿಲ್ಲ."
ಸ್ಟವ್ವು ಉಸ್ಸೆಂದಿತು. ಯಾರೂ ನಗಲಿಲ್ಲ.
ಅಂಗೈ ನೋಡಿಕೊಂಡಳು, ತಿರುವಿ, ಮತ್ತೆ ತಿರುವಿ,
ಬೇರೆಯವರದ್ದನ್ನು ಎರವಲು ತಂದಂತೆ.
ತಲೆ ಎತ್ತಿದರೆ ಸಿಗ್ನಲ್ಲಿನ ದೀಪ ಹಂಡೆಯಷ್ಟಾಗಿ ಕದಡಿತ್ತಂತೆ.
ಕೊನೆಗೆ ನನ್ನ ಪಾದ ನೋಡಿದಳು.
"ತೊಳಕೋ ಮೊದಲ," ಎಂದು
ಚಹಾಕ್ಕಿಟ್ಟ ಬಿಸಿನೀರನ್ನೇ ಸುರಿದಳು.
ಬೆರಳುಗಳು ಒಂದೊಂದಾಗಿ ಎಚ್ಚರಾದವು.

ಚಹಾದ ದುಡ್ಡು ಮಾತ್ರ ಬಿಡಲಿಲ್ಲ. ಎರಡು ಕಪ್ಪು, ಮೂರು ರೂಪಾಯಿ.

ಗಾಡಿ ಆರಕ್ಕೆ ಬಂತು, ಮಂಜಿನೊಳಗಿಂದ
ಯಾರನ್ನೋ ಹುಡುಕುತ್ತ ಬಂದಂತೆ.
ಉರುಳಿಯ ಹತ್ತಿರ ಟಿಕೆಟ್ಟು ಓದಲು ಜೇಬು ಮುಟ್ಟಿದೆ,
ಚಶ್ಮಾ ಇಲ್ಲ.
ಕೊಟ್ಟೆನೋ ಮರೆತೆನೋ ಗೊತ್ತಿಲ್ಲ.
ಅವಳು ಕೇಳಿರಲಿಲ್ಲ. ನಾನು ಮಾರಿರಲಿಲ್ಲ.

ಪುಣೆಯಲ್ಲಿ ಪೆಟ್ಟಿಗೆ ಸಿಕ್ಕಿತು,
ಅರವತ್ತೂ ಇದ್ದವು, ಒಂದಕ್ಕೂ ಗಾಜಿಲ್ಲ.
ಚಪ್ಪಲಿ ಎಡಗಾಲಿನದು ಮಾತ್ರ.
ಗುಮಾಸ್ತ ದಪ್ಪ ಪುಸ್ತಕ ತೆರೆದು ಸಹಿ ಮಾಡೆಂದ.
ಎಲ್ಲಿ ಎಂದು ಕೇಳಿದೆ.
ನನ್ನ ತೋರುಬೆರಳು ಹಿಡಿದು
ಕಾಗದದ ಮೇಲೆ ಊರಿಸಿದ: "ಇಲ್ಲಿ."