ಆರು ಮಿಲಿಮೀಟರ್ ಜೇಬು

ಮೂವತ್ತೊಂದು ವರ್ಷ ದಾರವನ್ನು ಹಲ್ಲಲ್ಲೇ ಕಡಿದಿದ್ದೇನೆ,
ಕತ್ತರಿ ಪಕ್ಕದಲ್ಲೇ ಇದ್ದರೂ.
ಗಾಂಧಿ ಬಜಾರಿನ ಒಳಗಲ್ಲಿಯ ಅಂಗಡಿಯಲ್ಲಿ
ಒಂದು ಮಧ್ಯಾಹ್ನ, ಯಾರದೋ ಬಿಳಿ ಶರ್ಟಿನ ಕಾಲರಿಗೆ
ಸಾಸಿವೆಯಷ್ಟು ಕೆಂಪು ಹತ್ತಿತು.
ಗುಂಡಿಗೆ ಹಾಕಿದ ದಾರ ಕೆಂಪಲ್ಲವಲ್ಲ ಎಂದು
ಎರಡು ಸಲ ನೋಡಿದೆ.

ದುರ್ಗಿಗುಡಿಯ ಮಹಡಿ ಮೇಲೆ ಡಾಕ್ಟರ್ ನಫೀಸಾ,
ನನ್ನ ಮಗಳಿಗಿಂತ ಚಿಕ್ಕವಳು,
ಅಳತೆಕಡ್ಡಿಯನ್ನು ವಸಡಿನೊಳಗೆ ಇಳಿಸಿ
ನರ್ಸಿಗೆ ಲೆಕ್ಕ ಬರೆಸುತ್ತಾಳೆ:
ಮೂರು, ನಾಲ್ಕು, ಆರು, ಆರು, ಏಳು.
'ಪಾಕೆಟ್ ಆಗಿದೆ, ಮಾಧೋಜಿಯವರೇ.'
ಬಾಯಿ ತೆರೆದೇ ಇತ್ತು, ನಗಲಾಗಲಿಲ್ಲ.
ಈ ಊರಿನ ಅರ್ಧ ಜನಕ್ಕೆ ಜೇಬು ಹೊಲಿದವನು ನಾನು,
ನನ್ನ ಬಾಯಿಗೆ ಇಷ್ಟೊಂದು ಯಾರು ಹೊಲಿದರು?

ಎರಡು ಬಗೆ ಮಾತ್ರೆ, ದಿನಕ್ಕೆ ಮೂರು ಹೊತ್ತು, ಏಳು ದಿನ.
ನಾಲಿಗೆ ಮೇಲೆ ಹಳೇ ನಾಣ್ಯದ ರುಚಿ,
ಇಂದುಮತಿಯ ಬಸ್ಸಾರಿಗೂ ಅದೇ ರುಚಿ.
ಮೂರನೇ ದಿನ ಊತ ಇಳಿಯಿತು.
ನಾಲ್ಕನೇ ದಿನ ಅಕ್ಕಿರೊಟ್ಟಿ ಅಗಿದೆ.
ಉಳಿದ ಮಾತ್ರೆ ಗುಂಡಿ ಡಬ್ಬಿಗೆ ಹೋಯಿತು,
ಇನ್ನೊಮ್ಮೆಗೆ ಆಗುತ್ತದೆ ಎಂದು.
ತುಂಡು ಬಟ್ಟೆಯನ್ನೂ ಎಸೆಯದವನ ಬುದ್ಧಿ.

ಆಷಾಢ ಕಳೆಯುವುದರೊಳಗೆ ಮತ್ತೆ ಕೆಂಪು.

ಅವಳು ಬೈಯಲಿಲ್ಲ.
'ಹೊಳೆ ಮೆಟ್ಟಿಲ ಪಾಚಿ ನೋಡಿದ್ದೀರಲ್ಲ,
ಮೇಲೆ ಪೌಡರು ಸುರಿದರೆ ಹೋಗುತ್ತದಾ?
ಮೊದಲು ಕೆರೆಯಬೇಕು. ಆಮೇಲೆ ಮದ್ದು ಒಳಗಿಳಿಯುತ್ತದೆ.
ಹುಳ ಕಡಿಮೆ ಮಾಡೋದಷ್ಟೇ ಮಾತ್ರೆಯ ಕೆಲಸ.
ಕೂಡಿಕೊಳ್ಳೋದು ನಿಮ್ಮ ಮೈಯ ಕೆಲಸ.'

ಎರಡು ದಿನ ಕೆರೆಸಿಕೊಂಡೆ. ಕಾವಲಿ ಉಜ್ಜಿದ ಸದ್ದು
ಬುರುಡೆಯ ಒಳಗಿಂದಲೇ ಕೇಳಿತು.
ತಟ್ಟೆಗೆ ಬಿದ್ದವು ಕಪ್ಪು ಹರಳು ಹರಳು.
ಇಷ್ಟು ವರ್ಷ ಅದನ್ನೂ ಹಲ್ಲೆಂದೇ ತಿಳಿದಿದ್ದೆ.

ಈ ಸಲ ಏಳೂ ದಿನ ನುಂಗಿದೆ.
ಡಬ್ಬಿಯಲ್ಲಿ ಬರೀ ಗುಂಡಿ.

ಮೂರು ತಿಂಗಳಿಗೆ ಕಡ್ಡಿ ಮತ್ತೆ ಇಳಿಯಿತು:
ಮೂರು, ಮೂರು, ನಾಲ್ಕು. ಒಂದು ಕಡೆ ಇನ್ನೂ ಐದು.
ಸೂಜಿ ಮುಟ್ಟಿಲ್ಲ, ದಾರ ಹಾದಿಲ್ಲ,
ತಳದಿಂದ ಮೇಲಕ್ಕೆ ಜೇಬು ತಾನೇ ಮುಚ್ಚಿಕೊಂಡಿದೆ.
ಅಂಥ ಹೊಲಿಗೆ ನನಗೆ ಬರುವುದಿಲ್ಲ.

'ಸವೆದ ಮೂಳೆ?' ಎಂದೆ.
'ಅದು ಹೋಯ್ತು. ಇರೋದನ್ನ ನೋಡಿಕೊಳ್ಳಿ.'

ಊತ ಇಳಿದ ವಸಡು, ಮೊದಲ ಒಗೆತಕ್ಕೆ
ಗಿಡ್ಡವಾದ ಪ್ಯಾಂಟಿನ ಹಾಗೆ ಮೇಲೆ ಸರಿದಿದೆ.
ಕನ್ನಡಿಯಲ್ಲಿ ಹಲ್ಲು ಕಣಕಾಲು ತೋರಿಸುತ್ತವೆ.

ಗುಂಡಿ ಮುಗಿದರೆ ಈಗಲೂ ಬಾಯಿ
ದಾರದ ಹತ್ತಿರ ತಾನೇ ಹೋಗುತ್ತದೆ,
ಕೂದಲೆಳೆಯಷ್ಟು ದೂರದಲ್ಲಿ ನಿಲ್ಲುತ್ತದೆ.
ಕತ್ತರಿ ಹುಡುಕುತ್ತೇನೆ.
ಇಲ್ಲೇ ಇತ್ತು. ಎಲ್ಲಿಟ್ಟೆನೋ.