ಮಾಫಿ ಕರೆಂಟ್

ಚಹಾ ಆರುವ ಮೊದಲು ಹೇಳಿಬಿಡುತ್ತೇನೆ, ಅಶ್ಫಾಕ್,
ಐದಕ್ಕೆ ಬಸ್ಸು ಬಂದು ಹಾರನ್ ಹೊಡೆದರೆ
ಆಮೇಲೆ ನನಗೆ ಮಾತು ಬರುವುದಿಲ್ಲ.

ನಿನ್ನ ವೀಸಾದಲ್ಲಿ ಹೆಲ್ಪರ್ ಅಂತ ಇದೆ,
ಬ್ಯಾಗಿನಲ್ಲಿ ಐಟಿಐ ಸರ್ಟಿಫಿಕೇಟು, ಪ್ಲಾಸ್ಟಿಕ್ ಹೊದಿಸಿದ್ದು.
ಅದನ್ನು ಪೆಟ್ಟಿಗೆಯ ತಳದಲ್ಲಿಡು. ಸೋಹಾರಿನ ಸೆಕೆಗೆ
ಪ್ಲಾಸ್ಟಿಕ್ಕೂ ಬೆವರುತ್ತದೆ.

ಮೊದಲು ಬಣ್ಣ ಮರೆ.
ಊರಲ್ಲಿ ನಿನಗೆ ಕೆಂಪು ಹಳದಿ ನೀಲಿ ಕಲಿಸಿದ್ದಾರೆ,
ಕಪ್ಪು ಅಂದರೆ ನ್ಯೂಟ್ರಲ್, ಪಾಪದವನು, ಯಾರ ತಂಟೆಗೂ ಹೋಗದವನು.
ಇಲ್ಲಿನ ಹಳೇ ಕಟ್ಟಡದಲ್ಲಿ ಅವನು ಪಾಪದವನೇ.
ರಸ್ತೆಯಾಚೆಯ ಹೊಸ ಗೋದಾಮಿನಲ್ಲಿ ಅವನೇ ಕೊಲ್ಲುವವನು,
ಅಲ್ಲಿ ನೀಲಿ ಸಾಧು.
ಎರಡೂ ಕೂಡಿದ ಪ್ಯಾನೆಲ್ಲು ಬಂದೀತು ಒಂದು ದಿನ,
ಯಾರೋ ಹತ್ತು ವರ್ಷದ ಹಿಂದೆ ಅವಸರದಲ್ಲಿ ಜೋಡಿಸಿದ್ದು.
ಬಣ್ಣ ನೋಡಿ ಸಂಬಂಧ ಮಾಡಬೇಡಿ ಅನ್ನುತ್ತಿದ್ದಳು ನನ್ನತ್ತೆ,
ಅವಳಿಗೆ ವೈರಿಂಗ್ ಗೊತ್ತಿರಲಿಲ್ಲ. ಮಾತು ಮಾತ್ರ ಸರಿ.

ಟೆಸ್ಟರನ್ನು ನಂಬು. ಅದನ್ನೂ ಪೂರ್ತಿ ಅಲ್ಲ.
ಕರೆಂಟಿದೆ ಎಂದು ಗೊತ್ತಿರುವಲ್ಲಿ ಮೊದಲು ಇಟ್ಟು ನೋಡು,
ಆಮೇಲೆ ಸತ್ತ ತಂತಿಗೆ, ತಿರುಗಿ ಬದುಕಿರುವುದಕ್ಕೆ.
ಸಾಕ್ಷಿಗೇ ಸಾಕ್ಷಿ ಕೇಳಬೇಕು ಈ ಕಸುಬಿನಲ್ಲಿ.
ಫೋರ್‌ಮನ್ ಯಲ್ಲಾ ಯಲ್ಲಾ ಅನ್ನುತ್ತಾನೆ. ಅನ್ನಲಿ.
ಅವನ ಗಂಟಲಿಗೆ ಫ್ಯೂಸ್ ಇಲ್ಲ. ನಿನ್ನ ಎದೆಗೂ ಇಲ್ಲ.

ಉಂಗುರ ತೆಗೆ. ನಿಕಾಹಿನದ್ದಾದರೂ ತೆಗೆ,
ದಾರಕ್ಕೆ ಪೋಣಿಸಿ ಕ್ಯಾಂಪಿನ ಮೊಳೆಗೆ ತೂಗುಹಾಕು,
ವಿಡಿಯೋ ಕಾಲಿನಲ್ಲಿ ಅವಳು ಕೇಳಿದರೆ ನನ್ನ ಹೆಸರು ಹೇಳು.
ಜೂನಿನಲ್ಲಿ ಗ್ಲೌಸಿನೊಳಗೆ ಕೆರೆ ತುಂಬುತ್ತದೆ.
ಎರಡು ಜೊತೆ ಇಟ್ಟುಕೋ, ಒಂದು ಒಣಗುತ್ತಿರಲಿ.
ಪ್ಯಾನೆಲ್ ತೆರೆದು ಅಳೆಯುವಾಗ ಎಡಗೈ ಕಿಸೆಯಲ್ಲಿರಲಿ,
ನವಾಬ ಬಂದ ಅಂತ ನಕ್ಕರೆ ನಗಲಿ,
ಎದೆಯ ಮೇಲೆ ಹಾಯುವ ದಾರಿ ಒಂದು ಕಡಿಮೆಯಾಯಿತು.

ಬ್ರೇಕರ್ ಇಳಿಸಿದ ಮೇಲೆ ಬೀಗ ಹಾಕು,
ಕೀಲಿ ನಿನ್ನ ಕಿಸೆಗೆ. ಗೆಳೆಯನದ್ದಕ್ಕಲ್ಲ, ನನ್ನದಕ್ಕೂ ಅಲ್ಲ.
ಟ್ಯಾಗಿನ ಮೇಲೆ ಇಂಗ್ಲಿಷಿನ ಕೆಳಗೆ
ಕನ್ನಡದಲ್ಲೂ ಹೆಸರು ಬರೆ. ಯಾರಿಗೂ ಓದಲಾಗದಿದ್ದರೂ
ಇಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾಗುತ್ತದೆ.

ಶೊಹಾಗ್ ಅಂತ ಒಬ್ಬನಿದ್ದ. ಸಿಲ್ಹೆಟ್ ಕಡೆಯವನು, ನಿನ್ನದೇ ಪ್ರಾಯ.
ಏಣಿಯ ಮೇಲಿಂದ ಕೇಳಿದ: ಶೀನಭಾಯ್, ಕರೆಂಟ್?
ನಾನು ಕೆಳಗೆ, ಬಾಯಲ್ಲಿ ಅರ್ಧ ಕುಬ್ಬೂಸ್,
ತಲೆಯೆತ್ತದೆ ಹೇಳಿದೆ: ಮಾಫಿ ಕರೆಂಟ್.
ಎರಡು ಶಬ್ದ. ಈ ದೇಶದಲ್ಲಿ ನಾನು ಮೊದಲು ಕಲಿತದ್ದು.
ಬೀಗ ಹಾಕಿರಲಿಲ್ಲ.
ಪಕ್ಕದ ಶೆಡ್ಡಿನವರು ಸೆಕೆ ಅಂತ ಬ್ರೇಕರ್ ಎತ್ತಿದ್ದರು.

ಸಾಯಲಿಲ್ಲ. ಬಲಗೈಯ ಎರಡು ಬೆರಳು ಹೋದವು.
ಕಂಪನಿ ಒಂದು ಕಡೆಯ ಟಿಕೇಟು ಕೊಟ್ಟಿತು.
ಪ್ರತಿ ಈದಿಗೆ ಅವನ ವಾಯ್ಸ್ ಮೆಸೇಜು ಬರುತ್ತದೆ,
ಹಿಂದುಗಡೆ ಬಾತುಕೋಳಿಗಳ ಗಲಾಟೆ,
ಭಾಯ್, ಹೇಗಿದ್ದೀರಿ, ನಾನು ಮಾಫಿ ಮುಷ್ಕಿಲ್.
ಬೈದಿದ್ದರೆ ಮುಗಿಯುತ್ತಿತ್ತು, ಮಾರಾಯ.
ಬೈಯುವುದಿಲ್ಲ.

ಇನ್ನೊಂದೇ ಮಾತು, ಅರ್ಥಿಂಗಿನದ್ದು.
ಈ ಒಣ ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಕರೆಯುವುದಿಲ್ಲ.
ಗುಂಡಿ ಆಳ ತೋಡು. ಉಪ್ಪು, ಇದ್ದಿಲು, ಬಕೆಟ್ಟುಗಟ್ಟಲೆ ನೀರು,
ಮೀಟರು ಒಪ್ಪುವ ತನಕ ಇನ್ನೊಂದು ರಾಡು.
ಕರೆಂಟಿನ ಆಸೆಯೂ ನಮ್ಮದೇ, ಹೊರಟಲ್ಲಿಗೆ ಮರಳುವುದು.
ಮರಳಿನಲ್ಲಿ ನಿಂತು
ಮರಳುವ ದಾರಿ ಮಾಡಿಕೊಡುವುದು ನಮ್ಮ ಸಂಬಳದ ಕೆಲಸ.
ದಾರಿ ಸಿಗದಿದ್ದರೆ ಅದು ನಿನ್ನ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ನೋಡು, ಹಾರನ್ನು. ಚಹಾ ಆರಿಯೇಹೋಯಿತು.
ಇವತ್ತು ನೀನೂ ಏಣಿಯ ಮೇಲಿಂದ ಕೇಳುತ್ತೀ:
ಶೀನಣ್ಣ, ಕರೆಂಟ್?
ನಾನು ಉತ್ತರ ಕೊಡುವುದಿಲ್ಲ.
ಸಿಟ್ಟಾಗಬೇಡ. ಇಳಿದು ಬಂದು
ನೀನೇ ನೋಡು.