ಶುಕ್ರವಾರದ ಕೈ

ಬಸ್ಸಿನಲ್ಲಿ ತೂಕಡಿಸುತ್ತಿದ್ದರೂ
ಶಿಡ್ಲಘಟ್ಟ ಬಂತೆಂದು ಮೂಗೇ ಎಬ್ಬಿಸುತ್ತದೆ.
ಬೆಂದ ಹುಳದ ವಾಸನೆ.
ಪಕ್ಕದವರು ಸೆರಗು ಮೂಗಿಗೆ ತರುತ್ತಾರೆ,
ನನಗೆ ಹಸಿವಾಗುತ್ತದೆ.

ನಮ್ಮ ಬೀದಿಗೆ ಹೆಸರಿರಲಿಲ್ಲ.
"ಬುಡನ್ ಸಾಬರ ಫಿಲೇಚರ್ ಹಿಂದೆ"
ಎಂದು ಬರೆದಿದ್ದರೆ ಕಾಗದ ತಲುಪುತ್ತಿತ್ತು,
ಹಿಂದೆ ಇದ್ದವರೆಲ್ಲ ನಾವೇ.
ಒಂದೇ ಉದ್ದದ ಗೋಡೆ, ಹದಿನಾಲ್ಕು ಬಾಗಿಲು.
ಆ ತುದಿಯಿಂದ ಪ್ಯಾರಿಜಾನ್ ಉರ್ದುವಿನಲ್ಲಿ ಬೈದರೆ
ಈ ತುದಿಯಿಂದ ನಾರೆಮ್ಮ ತೆಲುಗಿನಲ್ಲಿ ತೀರಿಸುತ್ತಿದ್ದಳು.
ನಾವು ಎರಡನ್ನೂ ಕಲಿತೆವು,
ಇಸ್ಕೂಲಿನಲ್ಲಿ ಕನ್ನಡದಲ್ಲಿ ಏಟು ತಿಂದೆವು.

ಆಜಾನ್ ಮುಗಿಯುವ ಮೊದಲೇ
ಹುಣಸೆ ಸೌದೆ ಸೀಳುವ ಸದ್ದು.
ಅಮ್ಮ ಕತ್ತಲಲ್ಲೇ ಹೋಗಿ ಬಾಣಲೆ ಮುಂದೆ ಕೂತಿರುತ್ತಿದ್ದಳು.
ಕುದಿನೀರಲ್ಲಿ ಗೂಡುಗಳು ಕುಣಿಯುವವು.
ಬೆರಳಿಳಿಸಬೇಕು, ತಡಕಬೇಕು,
ಪ್ರತಿ ಗೂಡಿಗೂ ಒಂದು ತುದಿ ಇದ್ದೇ ಇರುತ್ತದೆ.
ಎಂಟು ಎಳೆ ಕೂಡಿದರೆ ಒಂದು ದಾರ.
ದಾರ ಹರಿದರೆ ಮೇಸ್ತ್ರಿಯ ಮಾತು
ನಮ್ಮ ಮುತ್ತಜ್ಜಿಯ ತನಕ ಹೋಗಿ ಬರುತ್ತಿತ್ತು.

ಎಳೆ ಬಿಟ್ಟುಕೊಟ್ಟ ಹುಳವೆಲ್ಲ ಕೋಳಿಗೆ.
ಮೊಟ್ಟೆಗೂ ಅದೇ ವಾಸನೆ.
ಲೆಕ್ಕದಲ್ಲಿ ಪಾಸು ಮಾಡಲೆಂದು
ಮೇಡಂ ಮನೆಗೆ ಒಮ್ಮೆ ಆರು ಮೊಟ್ಟೆ ಕೊಟ್ಟು ಬಂದೆ.
ಮಾರನೆಯ ದಿನ ಅವರು ಏನೂ ಅನ್ನಲಿಲ್ಲ,
ನನ್ನನ್ನೂ ಅಸ್ಮಾಳನ್ನೂ ಕರೆದು
ಕಿಟಕಿಯ ಪಕ್ಕ ಕೂರಿಸಿದರು.
ಗಾಳಿ ಚೆನ್ನಾಗಿ ಬರುತ್ತಿತ್ತು.
ಅದು ಬಹುಮಾನವೆಂದೇ
ಎರಡು ವರ್ಷ ನಂಬಿದ್ದೆವು.

ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದ ಮೇಲೆ
ಜಾಲರಿಗಳ ಅಡಿಗೆ ನುಗ್ಗಿ
ಉದುರಿದ್ದನ್ನು ಆರಿಸುತ್ತಿದ್ದೆವು.
ಕಾವಲಿನ ಪಿಳ್ಳಪ್ಪ ಕೋಲೆತ್ತಿ ಓಡಿ ಬಂದು
ನೆಲಕ್ಕೆ ಹೊಡೆಯುತ್ತಿದ್ದ,
ನಮಗಲ್ಲ.
ಒಂದು ಹಿಡಿ ಗೂಡಿಗೆ ಎಂಟಾಣೆ,
ಎಂಟಾಣೆಗೆ ಇಪ್ಪತ್ತು ಬೋಟಿ,
ಅವಳ ಹತ್ತು ಬೆರಳಿಗೂ ನನ್ನ ಹತ್ತು ಬೆರಳಿಗೂ ಉಂಗುರ.
ನಾನು ತಿರುವಿನಲ್ಲೇ ಕಚ್ಚಿ ಮುಗಿಸುತ್ತಿದ್ದೆ.
ಅಸ್ಮಾ ಒಂದನ್ನೂ ಮುರಿಯದೆ
ಕೈ ಮುಂದೆ ಹಿಡಿದು ಮದುಮಗಳ ಹಾಗೆ
ಮನೆತನಕ ನಡೆಯುತ್ತಿದ್ದಳು.

ಏಳನೇ ಕ್ಲಾಸಿನಲ್ಲಿ ಕಿಟಕಿಯ ಪಕ್ಕ
ನಾನೊಬ್ಬಳೇ.
ಅವಳ ಹತ್ತು ಬೆರಳೂ ಬಾಣಲೆಗೆ ಹೋಗಿದ್ದವು.
ಸಂಜೆ ಸಿಕ್ಕಾಗ ನನ್ನ ಗೆಣ್ಣಿಗೆ ತಾಗಿಸುತ್ತಿದ್ದಳು:
"ನೋಡು, ಮುದುಕಿ ಕೈ."
ನಗುತ್ತಿದ್ದೆವು. ಏನು ಗೊತ್ತಿತ್ತು.

ಶುಕ್ರವಾರ ಒಲೆಗಳಿಗೆ ರಜೆ.
ಹೊಗೆಯಿಲ್ಲದ ದಿನ ದೂರದ ಬೆಟ್ಟಗಳು
ಯಾರೋ ರಾತ್ರಿ ತಂದು ಇಟ್ಟುಹೋದಂತೆ ಕಾಣುತ್ತಿದ್ದವು.
ಅಮ್ಮ ಹೊಸ್ತಿಲಲ್ಲಿ ಕೂತು
ನನ್ನನ್ನು ಮೊಣಕಾಲ ಸಂದಿಗೆ ಎಳೆದುಕೊಂಡು
ಹರಳೆಣ್ಣೆ ತಟ್ಟಿ ಜಡೆ ಹಾಕುತ್ತಿದ್ದಳು.
ನೀರಿಲ್ಲದ ದಿನ ಆ ಬೆರಳು ಒಣಗಿ ಬಿರಿದು
ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು.
"ಅಲ್ಲಾಡಬ್ಯಾಡ, ಎಳೆ ಹರ್ದೋತದೆ."
ಶುಕ್ರವಾರವೂ ಅದೇ ಮಾತು.
ಎಷ್ಟೋ ಸಲ ನಿದ್ದೆಯಲ್ಲೂ.

ಮೊನ್ನೆ ರೇಷನ್ ಅಂಗಡಿಯಲ್ಲಿ
ಅಮ್ಮ ಒಂದೊಂದೇ ಬೆರಳಿಟ್ಟಳು.
ಹತ್ತೂ ಮುಗಿದವು.
ಪ್ರತಿ ಸಲವೂ ಮಿಷನ್ನಿಗೆ ಕೆಂಪು ದೀಪ.
"ಒರೆಸ್ಕೊಂಡು ಇಡಜ್ಜಿ," ಅಂದ ಹುಡುಗ.
ಸೆರಗಿಗೆ ಒರೆಸಿದಳು. ಒರೆಸಲು ಏನಿತ್ತು ಅಲ್ಲಿ?
"ಗೆರೆ ಎಲ್ಲಾ ದಾರದ ಜೊತೆ ಸುತ್ಕೊಂಡೋದ್ವು ಕಣಪ್ಪಾ,
ಲಡಿ ಬಿಚ್ಚಿಸಿ ಹುಡುಕು."
ಸಾಲಿನಲ್ಲಿದ್ದ ಹೆಂಗಸರು
ಬೋರ್‌ವೆಲ್ ನೀರು ಕಂದಿಸಿದ ಹಲ್ಲು ಬಿಟ್ಟು ನಕ್ಕರು,
ಆಮೇಲೆ ಒಬ್ಬೊಬ್ಬರೇ
ತಮ್ಮ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು.

ನನ್ನ ಫೋನಿಗೆ ನಂಬರು ಬಂತು, ಅಕ್ಕಿ ಸಿಕ್ಕಿತು.
ಚೀಲ ಸೊಂಟಕ್ಕೇರಿಸಿ ನಡೆಯುವಾಗ
ಕಾಲುವೆ ದಾಟಲು ಅಮ್ಮ
ನನ್ನ ಕತ್ತಿನ ಹಿಂದೆ ಕೈಯಿಟ್ಟಳು.
ಕೂದಲು ಸಿಕ್ಕಿಕೊಂಡಿತು.
ನಾನು ಅಲ್ಲಾಡಲಿಲ್ಲ.